ಮನೆಯೊಳಗಿನ ಮಾತು, ನೆರೆಮನೆಯ ಮಾತು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಈ ಶಾಲೆಗೆ ಎಂಟನೇ ತರಗತಿಗೆ ಸೇರಿದ್ದು 1991ರಲ್ಲಿ. ಆಗ ಈ ವೇದಿಕೆ ಇರಲಿಲ್ಲ, ಕಾಂಪೌಂಡೂ ಇರಲಿಲ್ಲ. ಇತ್ತದ್ದು ಹೆಂಚಿನ ನಾಲ್ಕು ಕೋಣೆ, ಒಂದು ಬೇವಿನ ಮರ, ಮತ್ತು ವಿಜ್ಞಾನದ ಸಾಮಾನು ಇಡುವ ಒಂದು ಹಸಿರು ಬೀರು. ಆ ಬೀರುವಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದರ ಬೀಗದ ಕೈ ಯಾರ ಹತ್ತಿರ ಇರುತ್ತಿತ್ತೋ ಆ ಮೇಷ್ಟ್ರು ಈಗ ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಅವರೆದುರು ಮಾತಾಡಲು ಇವತ್ತಿಗೂ ನನಗೆ ಸ್ವಲ್ಪ ಅಂಜಿಕೆಯೇ.

‘ನೀನು ಮಾಡೋ ಕೆಲಸ ಏನಪ್ಪಾ?’ ಅಂತ ಊರಿಗೆ ಬಂದಾಗಲೆಲ್ಲ ಕೇಳುತ್ತೀರಿ. ಇಪ್ಪತ್ತು ವರ್ಷದಿಂದ ನಾನು ‘ಕಂಪ್ಯೂಟರ್ ಕೆಲಸ’ ಅಂದು ತಪ್ಪಿಸಿಕೊಂಡಿದ್ದೇನೆ. ನಮ್ಮಮ್ಮ ಅದನ್ನೇ ‘ಕಂಪ್ಯೂಟರ್ ರಿಪೇರಿ’ ಅಂತ ಮಾಡಿಕೊಂಡಿದ್ದಾರೆ. ಟಿ.ವಿ. ಕೆಟ್ಟರೂ ನನಗೇ ಫೋನು. ಇವತ್ತು ತಪ್ಪಿಸಿಕೊಳ್ಳುವ ಹಾಗಿಲ್ಲ. ನನ್ನ ಕೆಲಸವನ್ನು ಎಲ್ಲರಿಗೂ ತಿಳಿಯುವ ಹಾಗೆ ಹೇಳಬೇಕು ಎಂದು ಸಮಿತಿಯವರು ಷರತ್ತು ಹಾಕಿಯೇ ಕರೆದಿದ್ದಾರೆ.

ನಿಮಗೆಲ್ಲ ನೆನಪಿರುವ ಒಂದು ರಾತ್ರಿಯಿಂದ ಶುರು ಮಾಡುತ್ತೇನೆ. 2021ರ ಅಕ್ಟೋಬರ್ 4, ಸೋಮವಾರ. ರಾತ್ರಿ ಒಂಬತ್ತು ದಾಟಿತ್ತು. ಇದ್ದಕ್ಕಿದ್ದಂತೆ ವಾಟ್ಸಾಪ್ ನಿಂತುಹೋಯಿತು. ಫೇಸ್‌ಬುಕ್ಕೂ ಇಲ್ಲ, ಇನ್‌ಸ್ಟಾಗ್ರಾಮೂ ಇಲ್ಲ. ಜಗತ್ತಿನ ತುಂಬ ಸುಮಾರು ಆರು ಗಂಟೆ ಹೀಗಿತ್ತು. ಎಷ್ಟೋ ಜನ ಕರೆನ್ಸಿ ಖಾಲಿಯಾಯಿತೇನೋ ಅಂತ ರೀಚಾರ್ಜ್ ಮಾಡಿಸಿದರು. ಆ ಕಂಪನಿಯ ಕಂಪ್ಯೂಟರುಗಳು ಸುಟ್ಟುಹೋಗಿರಲಿಲ್ಲ, ಯಾರೂ ಕದ್ದಿರಲಿಲ್ಲ. ನಿರ್ವಹಣೆಯ ವೇಳೆ ಕೊಟ್ಟ ಒಂದು ಆಜ್ಞೆಯಿಂದ ಅವರ ಕೇಂದ್ರಗಳ ನಡುವಿನ ಸಂಪರ್ಕ ಕಡಿಯಿತು. ಆಗ ಅವರ ವಿಳಾಸ ಹೇಳುವ ಸರ್ವರ್‌ಗಳು ‘ನಮ್ಮಲ್ಲಿಗೆ ದಾರಿ ಇದೆ’ ಎಂದು ಹೊರಗಿನವರಿಗೆ ಹೇಳುತ್ತಿದ್ದ ಮಾತನ್ನು ಹಿಂತೆಗೆದುಕೊಂಡವು. ಮನೆ ಇತ್ತು, ದಾರಿ ಹೇಳುವವರು ಇರಲಿಲ್ಲ.

‘ನಮ್ಮಲ್ಲಿಗೆ ದಾರಿ ಇದೆ’ ಎಂದು ಹೇಳುವುದು, ಹೇಳಿದ್ದನ್ನು ಕೇಳಿಸಿಕೊಳ್ಳುವುದು, ಕೇಳಿದ್ದನ್ನು ಮುಂದಕ್ಕೆ ದಾಟಿಸುವುದು, ಇಷ್ಟನ್ನು ಸರಿಯಾಗಿ ನಡೆಸುವುದೇ ನನ್ನ ಕೆಲಸ. ಈ ಮಾತುಕತೆಗೆ ಒಂದು ಹೆಸರಿದೆ: ಬಾರ್ಡರ್ ಗೇಟ್‌ವೇ ಪ್ರೋಟೋಕಾಲ್. ಚಿಕ್ಕದಾಗಿ ಬಿಜಿಪಿ. ಗಡಿಬಾಗಿಲಿನ ಮಾತಿನ ನಿಯಮ ಅನ್ನಿ.

ಕಾಗದ ಹೇಗೆ ಊರಿಗೆ ಬರುತ್ತದೆ ಅಂತ ನಿಮಗೆ ಗೊತ್ತು. ಪಿನ್ ಕೋಡ್ 5ರಿಂದ ಶುರುವಾದರೆ ಕಾಗದ ದಕ್ಷಿಣದ ಈ ಭಾಗಕ್ಕೆ ಬರಬೇಕು ಅಂತ ದೆಹಲಿಯಲ್ಲಿ ಕೂತವರಿಗೂ ತಿಳಿಯುತ್ತದೆ. ಸಂಖ್ಯೆಯಲ್ಲೇ ದಿಕ್ಕು ಇದೆ. ಇಂಟರ್ನೆಟ್ಟಿನ ವಿಳಾಸಗಳಿಗೂ ಸಂಖ್ಯೆ ಇದೆ, ಆದರೆ ಅದರಲ್ಲಿ ದಿಕ್ಕಿಲ್ಲ. ಒಂದು ಗುಂಪು ಸಂಖ್ಯೆ ಬೆಂಗಳೂರಿನಲ್ಲಿದ್ದರೆ ಅದರ ಪಕ್ಕದ ಗುಂಪು ಜಪಾನಿನಲ್ಲಿರಬಹುದು. ಹಾಗಾದರೆ ದಾರಿ ತಿಳಿಯುವುದು ಹೇಗೆ? ಟಾಂಟಾಂ ಹೊಡೆಸಿ.

ಹಿಂದೆ ನಮ್ಮೂರಲ್ಲಿ ಕಂದಾಯ ಕಟ್ಟಬೇಕಾದರೆ, ಜಾತ್ರೆ ಗೊತ್ತಾದರೆ, ತಮಟೆ ಬಡಿದು ಸಾರುತ್ತಿದ್ದರಲ್ಲ, ಹಾಗೆ. ಇಂಟರ್ನೆಟ್ ಒಂದೇ ದೊಡ್ಡ ಜಾಲ ಅಲ್ಲ, ಅದು ಎಪ್ಪತ್ತು ಸಾವಿರಕ್ಕೂ ಹೆಚ್ಚು ಜಾಲಗಳ ಕೂಟ. ಒಂದೊಂದು ಜಾಲಕ್ಕೂ ಒಂದೊಂದು ಸಂಖ್ಯೆ ಇದೆ. ಮನೆತನದ ಹೆಸರಿದ್ದ ಹಾಗೆ. ಅದನ್ನು ಎಎಸ್ ಸಂಖ್ಯೆ ಅನ್ನುತ್ತೇವೆ. ಪ್ರತಿಯೊಂದು ಮನೆಯೂ ತನ್ನ ನೆರೆಮನೆಗೆ ಹೇಳುತ್ತದೆ: ‘ಇಷ್ಟು ವಿಳಾಸ ನಮ್ಮವು, ಕಾಗದ ಇದ್ದರೆ ನಮಗೆ ಕೊಡಿ.’ ಆ ನೆರೆಮನೆಯವರು ತಮ್ಮ ಇನ್ನೊಂದು ನೆರೆಮನೆಗೆ ಹೇಳುತ್ತಾರೆ: ‘ಅವರ ಕಾಗದ ನಮ್ಮ ಮೂಲಕ ಹೋಗುತ್ತದೆ.’ ಹೀಗೆ ಮಾತು ಜಗತ್ತು ಸುತ್ತುತ್ತದೆ.

ಈ ಏರ್ಪಾಡು ಹುಟ್ಟಿದ್ದು 1989ರ ಜನವರಿಯಲ್ಲಿ. ಅಮೆರಿಕದ ಆಸ್ಟಿನ್ ನಗರದಲ್ಲಿ ಎಂಜಿನಿಯರುಗಳ ಒಂದು ಸಭೆ ನಡೆದಿತ್ತು. ಸಿಸ್ಕೋ ಕಂಪನಿಯ ಕಿರ್ಕ್ ಲಾಹೀಡ್ ಮತ್ತು ಐಬಿಎಂನ ಯಾಕೋವ್ ರೆಖ್ಟರ್ ಊಟಕ್ಕೆ ಕೂತಾಗ ಕೈ ಒರೆಸುವ ಕಾಗದದ ಮೇಲೆ ಇದರ ಮೊದಲ ರೂಪ ಬರೆದರು. ಆ ವರ್ಷದ ಜೂನ್‌ನಲ್ಲಿ ನಿಯಮ ಪ್ರಕಟವಾಯಿತು. ಈಗ ನಡೆಯುತ್ತಿರುವುದು ಅದರ ನಾಲ್ಕನೆಯ ಆವೃತ್ತಿ. ಇವತ್ತು ನೀವು ಫೋನ್‌ಪೇಯಲ್ಲಿ ಹಾಲಿನ ದುಡ್ಡು ಕೊಟ್ಟರೂ ಅದರ ಹಿಂದೆ ಎಲ್ಲೋ ಆ ಕೈ ಒರೆಸುವ ಕಾಗದ ಇದೆ.

ಬೆಳಿಗ್ಗೆ ಕಂಪ್ಯೂಟರ್ ಕೋಣೆಯಲ್ಲಿ ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಇದನ್ನು ಮಾಡಿ ತೋರಿಸಿದೆ. ನಾನು ತಂದದ್ದು ಎರಡು ಹಳೆಯ ರೂಟರ್, ನಡುವೆ ಒಂದು ತಂತಿ. ದೊಡ್ಡವರೂ ಇದ್ದೀರಿ, ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ.

ಮೊದಲು ತಂತಿಯ ಎರಡು ತುದಿಗೂ ವಿಳಾಸ ಕೊಟ್ಟೆವು. ಒಂದಕ್ಕೆ 192.0.2.1, ಇನ್ನೊಂದಕ್ಕೆ 192.0.2.2. ಇವು ಪಾಠಕ್ಕೆಂದೇ ಮೀಸಲಿಟ್ಟ ವಿಳಾಸಗಳು, ಯಾರ ಮನೆಯದೂ ಅಲ್ಲ. ಮೊದಲ ರೂಟರ್ ಹಿಂದೆ 198.51.100.0 ಎಂಬ 256 ವಿಳಾಸಗಳ ಗುಂಪು, ಎರಡನೆಯದರ ಹಿಂದೆ 203.0.113.0 ಎಂಬ ಇನ್ನೊಂದು ಗುಂಪು. ಮೊದಲು ಒಂದರಿಂದ ಇನ್ನೊಂದನ್ನು ಮಾತಾಡಿಸಿ ನೋಡಿದೆವು. ಪಿಂಗ್ ಮಾಡುವುದು ಅನ್ನುತ್ತೇವೆ. ‘ಓ’ ಎಂದರೆ ‘ಓ’ ಎನ್ನಬೇಕು. ತಂತಿಯೇ ಓಗೊಡದಿದ್ದರೆ ಮುಂದಿನದೆಲ್ಲ ವ್ಯರ್ಥ.

ಆಮೇಲೆ ಎರಡೂ ರೂಟರ್‌ಗೆ ಒಂದೇ ಮನೆತನದ ಸಂಖ್ಯೆ ಕೊಟ್ಟೆವು, 64500. ಬರೆದದ್ದು ಮೂರೇ ಸಾಲು. ‘ರೂಟರ್ ಬಿಜಿಪಿ 64500’, ಅಂದರೆ ನಾನು ಈ ಮನೆಯವನು. ‘ನೈಬರ್ 192.0.2.2 ರಿಮೋಟ್-ಎಎಸ್ 64500’, ಅಂದರೆ ಆ ತುದಿಯಲ್ಲಿರುವವನೂ ಇದೇ ಮನೆಯವನು. ‘ನೆಟ್‌ವರ್ಕ್ 198.51.100.0’ ಮತ್ತು ಅದರ ಅಳತೆ, ಅಂದರೆ ನಾನು ಸಾರಬೇಕಾದದ್ದು ಇಷ್ಟು. ಆ ಕಡೆಯ ರೂಟರ್‌ನಲ್ಲೂ ಇದೇ ಮೂರು ಸಾಲು, ಅದರ ವಿಳಾಸಕ್ಕೆ ತಕ್ಕಂತೆ. ಇಬ್ಬರೂ ಪರಸ್ಪರ ಹೆಸರು ಹೇಳಿಕೊಳ್ಳಬೇಕು. ಒಬ್ಬನೇ ಹೇಳಿದರೆ ಸಂಬಂಧ ಕುದುರುವುದಿಲ್ಲ.

ಪರದೆಯ ಮೇಲೆ ‘ಆಕ್ಟಿವ್’ ಎಂಬ ಪದ ಬಂತು. ಮಕ್ಕಳು ಚಪ್ಪಾಳೆ ಹೊಡೆದರು. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗೆಯೇ ಖುಷಿಪಟ್ಟಿದ್ದೆ. ಬಿಜಿಪಿಯಲ್ಲಿ ಆಕ್ಟಿವ್ ಎಂದರೆ ಕೆಲಸ ನಡೆಯುತ್ತಿದೆ ಅಂತಲ್ಲ, ಇನ್ನೂ ಬಾಗಿಲು ತಟ್ಟುತ್ತಾ ನಿಂತಿದ್ದಾನೆ ಅಂತ. ಬಾಗಿಲು ತೆರೆದು ಮಾತು ಶುರುವಾದರೆ ‘ಎಸ್ಟಾಬ್ಲಿಷ್ಡ್’ ಎಂದು ಬರುತ್ತದೆ. ಸ್ವಲ್ಪ ಹೊತ್ತಿಗೆ ಅದೂ ಬಂತು. ಅಲ್ಲಿಂದ ಮುಂದೆ, ಹೊಸ ಸುದ್ದಿ ಇರಲಿ ಇಲ್ಲದಿರಲಿ, ಇಬ್ಬರೂ ಆಗಾಗ ‘ಇದ್ದೀನಿ, ಇದ್ದೀನಿ’ ಅನ್ನುತ್ತಿರಬೇಕು. ಸಿಸ್ಕೋ ರೂಟರ್‌ಗಳಲ್ಲಿ ಸಾಮಾನ್ಯವಾಗಿ 60 ಸೆಕೆಂಡಿಗೊಮ್ಮೆ. 180 ಸೆಕೆಂಡ್ ದನಿ ಕೇಳದಿದ್ದರೆ, ಅವನು ಹೇಳಿದ್ದ ದಾರಿಗಳನ್ನೆಲ್ಲ ಅಳಿಸಿಬಿಡುತ್ತಾರೆ.

ಒಂದೇ ಸಂಖ್ಯೆಯ ಇಬ್ಬರ ನಡುವೆ ನಡೆಯುವ ಇದು ಒಳಗಿನ ಬಿಜಿಪಿ, ಮನೆಯೊಳಗಿನ ಮಾತು.

ಆಮೇಲೆ ಎರಡನೆಯ ರೂಟರ್‌ನ ಸಂಖ್ಯೆಯನ್ನು 64501 ಮಾಡಿದೆವು, ಮೊದಲನೆಯದರಲ್ಲೂ ‘ಪಕ್ಕದವನು 64501’ ಎಂದು ತಿದ್ದಿದೆವು. ಅವೇ ಪೆಟ್ಟಿಗೆ, ಅದೇ ತಂತಿ, ಅವೇ ವಿಳಾಸ. ಬದಲಾದದ್ದು ಮನೆತನದ ಸಂಖ್ಯೆ ಒಂದೇ. ಈಗ ಇದು ಹೊರಗಿನ ಬಿಜಿಪಿ, ನೆರೆಮನೆಯ ಮಾತು. ಪಟ್ಟಿ ತೆಗೆದು ನೋಡಿದರೆ, ಮೊದಲು ಖಾಲಿ ಇದ್ದ ಜಾಗದಲ್ಲಿ ಈಗ 64501 ಎಂದು ಬಂದಿತ್ತು. ಮನೆಯೊಳಗೆ ಮಾತಾಡುವಾಗ ಯಾರೂ ಮನೆತನದ ಹೆಸರು ಸೇರಿಸುವುದಿಲ್ಲ. ಹೊಸ್ತಿಲು ದಾಟುವಾಗ ಸೇರಿಸಲೇಬೇಕು. ಮಾತು ಹತ್ತು ಮನೆ ದಾಟಿದರೆ ಹತ್ತು ಹೆಸರು ಅದರ ಬೆನ್ನ ಮೇಲೆ ಇರುತ್ತವೆ.

ಏಕೆ ಗೊತ್ತೇ? ಚಾಡಿಮಾತು ಊರೆಲ್ಲ ಸುತ್ತಿ ಹೇಳಿದವನ ಕಿವಿಗೇ ಹೊಸ ಸುದ್ದಿಯಾಗಿ ಬರುವುದುಂಟು. ದಾರಿಯ ಮಾತು ಹಾಗೆ ಬಂದರೆ ಕಾಗದ ಊರ ಸುತ್ತ ತಿರುಗುತ್ತಲೇ ಇರುತ್ತದೆ. ಅದಕ್ಕೆ ನಿಯಮ ಇಷ್ಟೇ: ಬಂದ ಮಾತಿನ ಬೆನ್ನ ಮೇಲೆ ನಿನ್ನದೇ ಹೆಸರಿದ್ದರೆ ಅದನ್ನು ಎತ್ತಿ ಆಚೆ ಹಾಕು.

ಮನೆಯೊಳಗೆ ಹೆಸರು ಸೇರಿಸುವುದಿಲ್ಲವಲ್ಲ, ಅಲ್ಲಿ ಮಾತು ಸುತ್ತುಹಾಕದಂತೆ ತಡೆಯುವುದು ಹೇಗೆ? ಅದಕ್ಕೆ ಬೇರೆ ನಿಯಮ. ಅಣ್ಣನ ಬಾಯಿಂದ ಕೇಳಿದ್ದನ್ನು ತಮ್ಮನಿಗೆ ಹೇಳಬೇಡ. ಅಣ್ಣನೇ ತಮ್ಮನಿಗೂ ಹೇಳಲಿ. ಅಂದರೆ ಮನೆಯ ರೂಟರ್‌ಗಳೆಲ್ಲ ಪ್ರತಿಯೊಬ್ಬರ ಜೊತೆಗೂ ನೇರವಾಗಿ ಮಾತಾಡಬೇಕು. ನಾಲ್ಕು ಜನ ಇದ್ದರೆ ಆರು ಜೋಡಿ, ಹತ್ತು ಜನ ಇದ್ದರೆ 45 ಜೋಡಿ, ನೂರು ಜನ ಇದ್ದರೆ 4950. ಗಣಿತದ ಮೇಷ್ಟ್ರು ಲೆಕ್ಕ ಸರಿಯಿದೆಯೇ ಹೇಳಬೇಕು. ದೊಡ್ಡ ಮನೆಗೆ ಇದು ಆಗದ ಕೆಲಸ ಎಂದು 1996ರಲ್ಲಿ ಒಂದು ಉಪಾಯ ಬಂತು. ಮನೆಗೊಬ್ಬ ಯಜಮಾನ. ಎಲ್ಲರೂ ಅವನಿಗೆ ಹೇಳುವುದು, ಅವನು ಎಲ್ಲರಿಗೂ ಹೇಳುವುದು. ರೂಟ್ ರಿಫ್ಲೆಕ್ಟರ್ ಅಂತ ಅದರ ಹೆಸರು.

ಇಷ್ಟಾದ ಮೇಲೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಎದ್ದು ಕೇಳಿದಳು. ‘ಸಾರ್, ಪಕ್ಕದ ಮನೆಯವರು ಸುಳ್ಳು ಹೇಳಿದರೆ?’

ಈ ಪ್ರಶ್ನೆಯೇ ನಮ್ಮ ಕೆಲಸದ ಜೀವಾಳ. 2008ರ ಫೆಬ್ರವರಿ 24ರಂದು ಪಾಕಿಸ್ತಾನದ ದೂರಸಂಪರ್ಕ ಸಂಸ್ಥೆಗೆ ತಮ್ಮ ದೇಶದಲ್ಲಿ ಯೂಟ್ಯೂಬ್ ತಡೆಯಬೇಕಾಗಿತ್ತು. ಯೂಟ್ಯೂಬ್ ತನ್ನ 1024 ವಿಳಾಸಗಳ ಒಂದು ಗುಂಪನ್ನು ಜಗತ್ತಿಗೆ ಸಾರಿಕೊಂಡಿತ್ತು. ಅದರೊಳಗಿನ 256 ವಿಳಾಸಗಳನ್ನು ಪಾಕಿಸ್ತಾನದವರು ‘ಇದು ನಮ್ಮ ಕಡೆ’ ಎಂದು ಸಾರಿದರು. ಮಾತು ಅವರ ದೇಶದೊಳಗೇ ಉಳಿಯಬೇಕಿತ್ತು. ಗಡಿ ದಾಟಿ ಹಾಂಗ್‌ಕಾಂಗಿನ ಒಂದು ದೊಡ್ಡ ಜಾಲಕ್ಕೆ ಹೋಯಿತು. ಅವರು ಪರೀಕ್ಷೆ ಮಾಡದೆ ಜಗತ್ತಿಗೆ ದಾಟಿಸಿದರು. ರೂಟರ್‌ಗಳ ಇನ್ನೊಂದು ನಿಯಮ, ದೊಡ್ಡ ಗುಂಪಿಗಿಂತ ಚಿಕ್ಕ ಗುಂಪಿನ ದಾರಿಗೇ ಮೊದಲ ಮನ್ನಣೆ. ಬೀದಿಯ ಹೆಸರಿಗಿಂತ ಮನೆಯ ಹೆಸರು ಹೆಚ್ಚು ನಿಖರ ತಾನೆ? ಜಗತ್ತಿನ ಬಹುಪಾಲು ಯೂಟ್ಯೂಬ್ ಸಂಚಾರ ಪಾಕಿಸ್ತಾನದ ಕಡೆ ತಿರುಗಿ ಅಲ್ಲಿ ಮಾಯವಾಯಿತು. ಸರಿಯಾಗಲು ಸುಮಾರು ಎರಡು ಗಂಟೆ ಹಿಡಿಯಿತು.

ಈಗ ಇದಕ್ಕೆ ಪಹಣಿಯಂಥದೊಂದು ವ್ಯವಸ್ಥೆ ಬಂದಿದೆ. ಇಂಥ ವಿಳಾಸಗಳನ್ನು ಇಂಥ ಸಂಖ್ಯೆಯ ಮನೆತನವೇ ಸಾರಬಹುದು ಎಂದು ಹಕ್ಕುದಾರರು ಡಿಜಿಟಲ್ ಸಹಿ ಹಾಕಿ ದಾಖಲೆ ಮಾಡಿಸಬಹುದು. ಅದಕ್ಕೆ ಆರ್‌ಪಿಕೆಐ ಅನ್ನುತ್ತೇವೆ. ನಮ್ಮ ದೇಶದಲ್ಲಿ ವಿಳಾಸ ಹಂಚುವ ಐಆರ್‌ಐಎನ್‌ಎನ್ ಮೂಲಕ ಇದನ್ನು ಮಾಡಿಸಿಕೊಳ್ಳಬಹುದು. ಆದರೆ ಪಹಣಿ ಇದ್ದ ಮಾತ್ರಕ್ಕೆ ಜಮೀನಿನ ಮೋಸ ನಿಂತಿದೆಯೇ? ಕೊಳ್ಳುವವನು ಪಹಣಿ ತೆಗೆಸಿ ನೋಡಬೇಕು. ಇಲ್ಲೂ ಹಾಗೆಯೇ, ಮಾತು ಕೇಳಿಸಿಕೊಳ್ಳುವ ರೂಟರ್ ದಾಖಲೆ ನೋಡಿ ಸುಳ್ಳನ್ನು ತಿರಸ್ಕರಿಸಬೇಕು. ಮತ್ತೆ, ಆ ದಾಖಲೆ ಜಮೀನು ಯಾರದ್ದು ಎಂದಷ್ಟೇ ಹೇಳುತ್ತದೆ. ನಡುವೆ ದಾರಿ ಹೇಳುವ ಹತ್ತು ಜನ ನಿಜ ಹೇಳುತ್ತಿದ್ದಾರೆಯೇ ಎಂದು ಹೇಳುವುದಿಲ್ಲ. ಅದಕ್ಕೇ ನೆರೆಮನೆಯ ಜೊತೆ ಸಂಬಂಧ ಬೆಳೆಸುವ ದಿನವೇ ಎರಡು ಪಟ್ಟಿ ಬರೆದಿಡಬೇಕು: ಅವರಿಂದ ಏನನ್ನು ಕೇಳಿಸಿಕೊಳ್ಳುತ್ತೇವೆ, ಅವರಿಗೆ ಏನನ್ನು ಹೇಳುತ್ತೇವೆ. ಹೊರಗಿನ ಬಿಜಿಪಿಗೆ ಈ ಎರಡು ಪಟ್ಟಿ ಇಲ್ಲದಿದ್ದರೆ ಯಾವ ದಾರಿಯನ್ನೂ ಒಪ್ಪಬೇಡ, ಸಾರಬೇಡ ಎಂದು 2017ರಲ್ಲಿ ನಿಯಮವೇ ಬಂತು.

ಸುಳ್ಳು ಹೇಳುವ ನೆರೆಮನೆಯವರ ವಿಷಯ ಹೇಳಿದೆ. ಈಗ ಸುಳ್ಳು ಬರೆದ ನನ್ನ ವಿಷಯ ಹೇಳುತ್ತೇನೆ. ಅದಕ್ಕೆ ಹಸಿರು ಬೀರುವಿನಿಂದಲೇ ಶುರು ಮಾಡಬೇಕು.

ಒಂಬತ್ತನೇ ತರಗತಿಯಲ್ಲಿ ನಮಗೆ ಲೋಲಕದ ಪ್ರಯೋಗ ಇತ್ತು. ಬೀರುವಿನಿಂದ ದಾರ, ಹಿತ್ತಾಳೆ ಗುಂಡು, ಒಂದೇ ಒಂದು ಸ್ಟಾಪ್‌ವಾಚ್ ಹೊರಗೆ ಬರುತ್ತಿತ್ತು. ದಾರದ ಉದ್ದ 100 ಸೆಂಟಿಮೀಟರ್ ಇಟ್ಟು 20 ಆಂದೋಲನಕ್ಕೆ ಎಷ್ಟು ಸೆಕೆಂಡ್ ಎಂದು ಮೂರು ಸಲ ಅಳೆದು ಬರೆಯಬೇಕು. ಅವತ್ತು ಸಂಜೆ ನನಗೆ ಆಟದ ಆತುರ. ಸೂತ್ರ ಗೊತ್ತಿತ್ತು, ಉತ್ತರವೂ ಗೊತ್ತಿತ್ತು. ಗುಂಡನ್ನು ಮುಟ್ಟದೆ 40, 40, 40 ಎಂದು ಬರೆದು ಪುಸ್ತಕ ಕೊಟ್ಟೆ. ಮೇಷ್ಟ್ರು ಪುಸ್ತಕ ನೋಡಿದರು, ನನ್ನ ಮುಖ ನೋಡಿದರು. ಬೈಯಲಿಲ್ಲ. ‘ಇದು ಲೋಲಕ ಹೇಳಿದ್ದೋ, ನೀನು ಹೇಳಿದ್ದೋ?’ ಅಂದರು, ಅಷ್ಟೇ. ಎಲ್ಲರೂ ಹೋದ ಮೇಲೆ ನನ್ನೊಬ್ಬನನ್ನೇ ನಿಲ್ಲಿಸಿಕೊಂಡು ಅಳೆಸಿದರು. ಒಮ್ಮೆ 39.8 ಬಂತು, ಒಮ್ಮೆ 40.3, ಒಮ್ಮೆ 40.1. ನಿಜವಾಗಿ ಅಳೆದರೆ ಅಂಕಿ ಅಷ್ಟು ನೀಟಾಗಿ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಮೇಷ್ಟ್ರೇ, ಆ ಪಾಠ ನಾನು ಅವತ್ತೇ ಕಲಿತೆ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅದು ನಿಜವಲ್ಲ. ನಾನು ಅದೇ ತಪ್ಪನ್ನು ಇನ್ನೊಮ್ಮೆ ಮಾಡಿದೆ.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಬೆಂಗಳೂರಿನ ಒಂದು ಆಸ್ಪತ್ರೆಯ ಜಾಲ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ತಾಲ್ಲೂಕು ಕೇಂದ್ರಗಳಲ್ಲಿ ಅವರ ಚಿಕ್ಕ ಆಸ್ಪತ್ರೆಗಳಿದ್ದವು. ಅಲ್ಲಿ ತೆಗೆದ ಸ್ಕ್ಯಾನ್ ಚಿತ್ರಗಳನ್ನು ಬೆಂಗಳೂರಿನಲ್ಲಿ ಕೂತ ತಜ್ಞರು ನೋಡಿ ವರದಿ ಕೊಡುತ್ತಿದ್ದರು. ಒಂದು ಲೈನ್ ಕಡಿದರೂ ಕೆಲಸ ನಿಲ್ಲಬಾರದು ಎಂದು ಎರಡು ಕಂಪನಿಗಳಿಂದ ಎರಡು ಲೈನ್, ಎರಡು ರೂಟರ್. ಮೊದಲ ರೂಟರ್‌ಗೆ ಮೊದಲ ಕಂಪನಿಯ ಜೊತೆ ನೆರೆಮನೆಯ ಮಾತು, ಎರಡನೆಯದಕ್ಕೆ ಎರಡನೆಯ ಕಂಪನಿಯ ಜೊತೆ. ಎರಡು ರೂಟರ್‌ಗಳ ನಡುವೆ ಮನೆಯೊಳಗಿನ ಮಾತು. ಬೆಳಿಗ್ಗೆ ಮಕ್ಕಳಿಗೆ ತೋರಿಸಿದೆನಲ್ಲ, ಅದೇ ಎರಡು ಬಗೆ ಸೇರಿದ ಕೆಲಸ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷಾ ಪಟ್ಟಿ ತುಂಬಬೇಕಿತ್ತು. ಅದರಲ್ಲಿ ಒಂದು ಸಾಲು: ಒಂದು ಲೈನ್ ಕಿತ್ತಾಗ ಇನ್ನೊಂದರಲ್ಲಿ ಕೆಲಸ ನಡೆಯುತ್ತದೆಯೇ? ಎರಡು ರೂಟರ್‌ನಲ್ಲೂ ಎರಡು ಕಡೆಯ ದಾರಿಗಳು ಪಟ್ಟಿಯಲ್ಲಿ ಕಾಣುತ್ತಿದ್ದವು. ರಾತ್ರಿ ಎರಡು ಗಂಟೆಯಾಗಿತ್ತು. ಲೈನ್ ಕಿತ್ತು ನೋಡುವ ಗೋಜಿಗೆ ಹೋಗಲಿಲ್ಲ. ‘ಪರೀಕ್ಷಿಸಲಾಗಿದೆ’ ಎಂದು ಟಿಕ್ ಹಾಕಿ ಸಹಿ ಮಾಡಿದೆ.

ಮೂರು ತಿಂಗಳು ಎಲ್ಲ ಚೆನ್ನಾಗಿತ್ತು. ಒಂದು ದಿನ ಮಧ್ಯಾಹ್ನ ರಸ್ತೆ ಅಗೆಯುತ್ತಿದ್ದ ಜೆಸಿಬಿ ಎರಡನೆಯ ಕಂಪನಿಯ ಕೇಬಲ್ ಕಿತ್ತುಹಾಕಿತು. ಸ್ಕ್ಯಾನ್ ಸರ್ವರ್ ಎರಡನೆಯ ರೂಟರ್‌ನ ಹಿಂದಿತ್ತು. ಅದು ಸುಮ್ಮನಾಯಿತು. ನನಗೆ ಫೋನ್ ಬಂತು. ರೂಟರ್ ಒಳಗೆ ಹೋಗಿ ನೋಡಿದರೆ, ಮೊದಲ ಕಂಪನಿಯ ಮೂಲಕ ಹೋಗುವ ದಾರಿಗಳೆಲ್ಲ ಪಟ್ಟಿಯಲ್ಲೇ ಇವೆ, ಆದರೆ ಒಂದೂ ಬಳಕೆಯಲ್ಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಬೆಂಚಿನ ಮೇಲೆ ಹುಡುಗನಿಲ್ಲ.

ಕಾರಣ ಇಷ್ಟು. ನೆರೆಮನೆಯಿಂದ ಬಂದ ಮಾತನ್ನು ಮನೆಯೊಳಗೆ ದಾಟಿಸುವಾಗ, ‘ಮುಂದಿನ ಕಾಗದ ಯಾರ ಕೈಗೆ ಕೊಡಬೇಕು’ ಎಂಬ ವಿಳಾಸವನ್ನು ಬಿಜಿಪಿ ತಾನಾಗಿ ಬದಲಿಸುವುದಿಲ್ಲ. ನೆರೆಯವನ ವಿಳಾಸವನ್ನೇ ಹಾಗೇ ಹೇಳುತ್ತದೆ. ಮೊದಲ ರೂಟರ್ ತಮ್ಮನಿಗೆ ಹೇಳಿದ್ದು, ‘ಆ ದೂರದ ಊರಿಗೆ ಹೋಗಬೇಕಾದರೆ ಕಾಗದವನ್ನು ಮೊದಲ ಕಂಪನಿಯವನ ಕೈಗೆ ಕೊಡು’ ಎಂದು. ಆದರೆ ಆ ಕಂಪನಿಯವನ ಬಾಗಿಲು ಎಲ್ಲಿದೆ ಎಂದು ತಮ್ಮನಿಗೆ ಯಾರೂ ಹೇಳಿರಲಿಲ್ಲ. ಮಾತು ನಿಜವೇ, ತಮ್ಮನಿಗೆ ಅದರಿಂದ ಉಪಯೋಗವಿಲ್ಲ. ತನ್ನದೇ ಲೈನ್ ಇರುವವರೆಗೆ ಅವನು ಆ ದಾರಿಯ ತಂಟೆಗೇ ಹೋಗಿರಲಿಲ್ಲ, ಅದಕ್ಕೇ ಮೂರು ತಿಂಗಳು ಯಾರಿಗೂ ಗೊತ್ತಾಗಲಿಲ್ಲ.

ಅದಕ್ಕೆ ಪರಿಹಾರ ಒಂದೇ ಸಾಲು: ‘ನೆಕ್ಸ್ಟ್-ಹಾಪ್-ಸೆಲ್ಫ್’. ಮೊದಲ ರೂಟರ್ ತಮ್ಮನಿಗೆ ಹೀಗೆ ಹೇಳಬೇಕು: ‘ಅವನನ್ನು ನೀನು ಹುಡುಕಿಕೊಂಡು ಹೋಗಬೇಡ. ನನ್ನ ಕೈಗೆ ಕೊಡು, ನಾನು ತಲುಪಿಸುತ್ತೇನೆ.’ ಆ ಸಾಲು ಬರೆಯಲು ಅರ್ಧ ನಿಮಿಷ ಸಾಕಾಯಿತು. ಅದೇ ಎಂದು ತಿಳಿಯಲು 52 ನಿಮಿಷ ಹಿಡಿಯಿತು.

ಆ 52 ನಿಮಿಷದಲ್ಲಿ ಒಂದು ತಾಲ್ಲೂಕಿನ ಆಸ್ಪತ್ರೆಯಲ್ಲಿ, ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ತಲೆಗೆ ಪೆಟ್ಟಾದ ಒಬ್ಬ ಮುದುಕರ ಸ್ಕ್ಯಾನ್ ಕಾದು ಕೂತಿತ್ತು. ಅವರ ಮಗ ಹೊರಗೆ ನಿಂತು ‘ಇನ್ನೂ ಬಂದಿಲ್ವಾ, ಇನ್ನೂ ಬಂದಿಲ್ವಾ’ ಅಂತ ಕೇಳುತ್ತಿದ್ದರಂತೆ. ಇದು ನನಗೆ ಮಾರನೆಯ ದಿನ ತಿಳಿಯಿತು. ಮುದುಕರಿಗೆ ಏನೂ ಆಗಲಿಲ್ಲ, ಒಳಗೆ ರಕ್ತಸ್ರಾವ ಇರಲಿಲ್ಲ. ಆದರೆ ಏನೂ ಆಗದೆ ಉಳಿದದ್ದು ನನ್ನ ಕೆಲಸದಿಂದಲ್ಲ.

ಅವತ್ತು ರಾತ್ರಿ ಆ ಪರೀಕ್ಷಾ ಪಟ್ಟಿ ತೆಗೆದು ನೋಡಿದೆ. ನನ್ನ ಟಿಕ್, ನನ್ನ ಸಹಿ. ‘ಇದು ರೂಟರ್ ಹೇಳಿದ್ದೋ, ನೀನು ಹೇಳಿದ್ದೋ?’ ಎಂದು ಯಾರೋ ಕೇಳಿದ ಹಾಗಾಯಿತು. ತಪ್ಪನ್ನು ಕೇಬಲ್ ಮೇಲೆ ಹಾಕಬಹುದಿತ್ತು, ಜೆಸಿಬಿ ಮೇಲೆ ಹಾಕಬಹುದಿತ್ತು. ಎಲ್ಲರೂ ನಂಬುತ್ತಿದ್ದರು. ಬೆಳಿಗ್ಗೆ ಹೋಗಿ, ಪರೀಕ್ಷೆ ಮಾಡದೆ ಟಿಕ್ ಹಾಕಿದ್ದು ನಾನೇ ಎಂದು ವರದಿಯಲ್ಲಿ ಬರೆದುಕೊಟ್ಟೆ. ಆ ವರ್ಷ ನನ್ನ ಬಡ್ತಿ ನಿಂತಿತು. ನಿಂತದ್ದು ನ್ಯಾಯವೇ. ಮುಂದಿನ ವಾರ ಆಸ್ಪತ್ರೆಯವರ ಒಪ್ಪಿಗೆ ಪಡೆದು, ರಾತ್ರಿ ಹೊತ್ತು, ಒಂದೊಂದೇ ಲೈನನ್ನು ನನ್ನ ಕೈಯಾರೆ ಕಿತ್ತು ನೋಡಿದೆ. ಎಷ್ಟು ಸೆಕೆಂಡಿಗೆ ಇನ್ನೊಂದು ದಾರಿ ಹಿಡಿಯಿತು ಎಂದು ಗಡಿಯಾರ ನೋಡಿ ಬರೆದೆ. ಅಂಕಿಗಳು ನೀಟಾಗಿ ಬರಲಿಲ್ಲ. ಆಗ ಸಮಾಧಾನವಾಯಿತು.

ಈಗ ನನ್ನ ಕೆಳಗೆ ಹೊಸ ಹುಡುಗರು ಕೆಲಸ ಕಲಿಯುತ್ತಾರೆ. ಅವರಿಗೆ ನಾನು ಹೇಳುವುದು ಮೂರು ಮಾತು. ನಿನ್ನದಲ್ಲದ್ದನ್ನು ನಿನ್ನದು ಎಂದು ಸಾರಬೇಡ. ಪಕ್ಕದವನು ಹೇಳಿದ್ದನ್ನು ದಾಖಲೆ ನೋಡದೆ ದಾಟಿಸಬೇಡ. ಮನೆಯೊಳಗೆ ಒಬ್ಬರಿಗೆ ದಾರಿ ಹೇಳಿದರೆ, ಅವರು ನಿಜವಾಗಿ ನಡೆಯಬಹುದಾದ ದಾರಿಯನ್ನೇ ಹೇಳು, ಮತ್ತು ಒಮ್ಮೆ ಲೈನ್ ಕಿತ್ತು ನೋಡು. ಇದರಲ್ಲಿ ಯಾವುದನ್ನೂ ನಾನು ಕಂಪನಿಯ ತರಬೇತಿಯಲ್ಲಿ ಹೊಸದಾಗಿ ಕಲಿತಿಲ್ಲ. ಕಲಿತದ್ದು ಆ ಹಸಿರು ಬೀರುವಿನ ಮುಂದೆ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಹೈಸ್ಕೂಲು ಕಂಡಿರಲಿಲ್ಲ. ಎಸ್‌ಎಸ್‌ಎಲ್‌ಸಿ ಆದಮೇಲೆ ಪಾಲಿಟೆಕ್ನಿಕ್ಕಿಗೆ ಅರ್ಜಿ ಎಲ್ಲಿ ಸಿಗುತ್ತದೆ ಎಂದು ಅಪ್ಪನಿಗೂ ಗೊತ್ತಿರಲಿಲ್ಲ. ಮೇಷ್ಟ್ರು ‘ಅಲ್ಲಿಗೆ ಹೋಗಿ ಕೇಳು’ ಅನ್ನಲಿಲ್ಲ. ಅಂಕಪಟ್ಟಿ ಇಸಕೊಂಡರು, ತಾವೇ ಬಸ್ಸು ಹತ್ತಿ ಹೋಗಿ ಅರ್ಜಿ ತಂದು ತುಂಬಿಸಿದರು. ನೆಕ್ಸ್ಟ್-ಹಾಪ್-ಸೆಲ್ಫ್ ಎಂಬ ಸಾಲನ್ನು ಬರೆಯುವಾಗಲೆಲ್ಲ ನನಗೆ ಆ ಬಸ್ಸು ನೆನಪಾಗುತ್ತದೆ.

ಕೊನೆಗೆ ಮಕ್ಕಳಿಗೆ ಒಂದು ಮಾತು. ಬೆಳಿಗ್ಗೆ ತೋರಿಸಿದ ಎರಡು ರೂಟರ್‌ಗಳನ್ನು ನಾನು ವಾಪಸ್ ಒಯ್ಯುವುದಿಲ್ಲ, ಅವು ಶಾಲೆಗೇ. ಕೆಡಿಸಿಬಿಡುತ್ತೇವೆ ಎಂದು ಹೆದರಬೇಡಿ, ಅವು ಹೊರಗಿನ ಯಾವ ಜಾಲಕ್ಕೂ ಸೇರಿಲ್ಲ. ಸಂಖ್ಯೆ ಬದಲಿಸಿ ನೋಡಿ, ತಂತಿ ಕಿತ್ತು ನೋಡಿ. ಸಾಲದಿದ್ದರೆ ಎಫ್‌ಆರ್‌ರೂಟಿಂಗ್ ಎಂಬ ಉಚಿತ ತಂತ್ರಾಂಶವಿದೆ, ಅದನ್ನು ಹಾಕಿದರೆ ಲಿನಕ್ಸ್ ಇರುವ ಹಳೆಯ ಕಂಪ್ಯೂಟರೂ ರೂಟರ್ ಆಗುತ್ತದೆ. ಮೂರನೆಯ ರೂಟರ್ ಒಂದನ್ನು ಹಾಗೆ ಮಾಡಿಕೊಂಡರೆ ನನ್ನ ಆಸ್ಪತ್ರೆಯ ತಪ್ಪನ್ನು ನೀವೇ ಇಲ್ಲಿ ಮಾಡಿ, ನೀವೇ ಸರಿಪಡಿಸಬಹುದು. ಪಕ್ಕದಲ್ಲಿ ಒಂದು ದಾಖಲೆ ಪುಸ್ತಕ ಇಟ್ಟಿದ್ದೇನೆ. ಕಂಡದ್ದನ್ನು ಬರೆಯಿರಿ. ಕಾಣದ್ದನ್ನು ಬರೆಯಬೇಡಿ.

ನನ್ನ ಜೊತೆಯವರಲ್ಲಿ ಒಂದು ವಿನಂತಿ. ಶಾಲೆಗೆ ಫ್ಯಾನು, ಬೆಂಚು ಕೊಟ್ಟಿದ್ದೇವೆ, ಸಂತೋಷ. ವರ್ಷಕ್ಕೆ ಒಂದು ಶನಿವಾರ ಬಂದು, ನಮ್ಮ ನಮ್ಮ ಕೆಲಸವನ್ನು, ಅದರಲ್ಲಿ ಮಾಡಿದ ತಪ್ಪನ್ನೂ ಸೇರಿಸಿ, ಈ ಮಕ್ಕಳಿಗೆ ಹೇಳೋಣ. ಮೊದಲ ಶನಿವಾರ ನನ್ನದು.

ಮೇಷ್ಟ್ರೇ, ಆ ಲೋಲಕದ ಲೆಕ್ಕ ಈಗ ಸರಿಹೋಯಿತು ಎಂದುಕೊಂಡಿದ್ದೇನೆ. ತಪ್ಪಿದ್ದರೆ ಇವತ್ತೂ ಎಲ್ಲರೂ ಹೋದ ಮೇಲೆ ನಿಲ್ಲಿಸಿಕೊಳ್ಳಿ, ನಿಲ್ಲುತ್ತೇನೆ.